ಪರದೆಯ ಮೇಲೆ ಬಟ್ಟೆ ತೊಟ್ಟು ನೋಡುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಐ ಆ್ಯಪ್ ಒಂದರಲ್ಲಿ ಶರ್ಟನ್ನು ನನ್ನ ಫೋಟೊಗೆ ತೊಡಿಸಿ ನೋಡಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ತರಿಸಿಕೊಂಡ ಮೇಲೆ ನೋಡಿದರೆ ಎದೆಯ ಹತ್ತಿರ ಗುಂಡಿ ಹಾಕಲಿಕ್ಕೇ ಆಗುತ್ತಿಲ್ಲ. ಆ್ಯಪ್ ಕೆಟ್ಟದ್ದೋ, ನಾನು ಬಳಸಿದ ರೀತಿ ತಪ್ಪೋ?

ಉತ್ತರ: ಎರಡೂ ಅಲ್ಲ. ಈ ಬಗೆಯ ಆ್ಯಪ್ ನಿಮ್ಮ ಅಳತೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲು ಅದು ನಿಮ್ಮ ಫೋಟೊದಲ್ಲಿ ತಲೆ, ಭುಜ, ತೋಳು, ಸೊಂಟ ಎಲ್ಲೆಲ್ಲಿವೆ ಎಂದು ಗುರುತಿಸುತ್ತದೆ. ಬಳಿಕ ನೀವು ತೊಟ್ಟಿರುವ ಶರ್ಟಿನ ಜಾಗವನ್ನು, ಸುತ್ತಲ ಸ್ವಲ್ಪ ಜಾಗವನ್ನೂ ಸೇರಿಸಿ, ಅಳಿಸುತ್ತದೆ. ಆ ಖಾಲಿ ಜಾಗದಲ್ಲಿ ಅಂಗಡಿಯ ಬಟ್ಟೆಯನ್ನು ಹೊಸದಾಗಿ ಬಿಡಿಸುತ್ತದೆ. ಬಟ್ಟೆಯ ಚಿತ್ರ ನೋಡಿ ಅದು ಎಂ ಸೈಜೋ ಎಕ್ಸ್‌ಎಲ್ಲೋ ಎಂದು ಹೇಳಲಾಗದು. ನಿಮ್ಮ ಫೋಟೊದಲ್ಲೂ ಸೆಂಟಿಮೀಟರಿನ ಗುರುತಿಲ್ಲ. ಹಾಗಾಗಿ ಯಾವ ಬಟ್ಟೆಯನ್ನು ಕೊಟ್ಟರೂ ಅದು ಯಾರ ಮೈಮೇಲಾದರೂ ಹೊಂದಿಕೊಂಡಂತೆ ಕಾಣುತ್ತದೆ. ಕೆಲವು ಆ್ಯಪ್‌ಗಳು ಎತ್ತರ, ತೂಕ ಕೇಳಿ ಸೈಜ್ ಸೂಚಿಸುತ್ತವಲ್ಲ, ಆ ಲೆಕ್ಕ ಬೇರೆ, ಈ ಚಿತ್ರ ಬೇರೆ.

ಬಣ್ಣ ಒಪ್ಪುತ್ತದೆಯೇ, ಕಾಲರ್ ಮುಖಕ್ಕೆ ಹೊಂದುತ್ತದೆಯೇ, ದೊಡ್ಡ ಹೂವಿನ ವಿನ್ಯಾಸ ಇಷ್ಟವಾಗುತ್ತದೆಯೇ ಎಂಬಷ್ಟಕ್ಕೆ ಚಿತ್ರವನ್ನು ನೋಡಿ. ಸೈಜನ್ನು ಟೇಪಿನಿಂದಲೇ ತೀರ್ಮಾನಿಸಿ. ನಿಮಗೆ ಸರಿಯಾಗಿ ಕೂರುವ ಒಂದು ಶರ್ಟನ್ನು ಗುಂಡಿ ಹಾಕಿ ಮೇಜಿನ ಮೇಲೆ ಹರಡಿ. ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದರವರೆಗೆ ಅಳೆದು ಎರಡರಿಂದ ಗುಣಿಸಿ. ಭುಜದ ಅಗಲ, ತೋಳಿನ ಉದ್ದ, ಹಿಂಭಾಗದ ಉದ್ದ ಮೂರನ್ನೂ ಬರೆದಿಟ್ಟುಕೊಳ್ಳಿ. ಅಂಗಡಿಯ ಸೈಜ್ ಪಟ್ಟಿಯನ್ನು ನೋಡುವಾಗ ಅಲ್ಲಿರುವುದು ಬಟ್ಟೆಯ ಅಳತೆಯೋ ಮೈಯಳತೆಯೋ ಎಂದು ಮೊದಲು ಓದಿ. ಹೆಚ್ಚಿನ ಗೊಂದಲ ಆಗುವುದು ಇಲ್ಲೇ. ಹಿಗ್ಗದ ನೇಯ್ಗೆ ಬಟ್ಟೆಯ ಶರ್ಟು ಮೈಯಳತೆಗಿಂತ ಎದೆಯಲ್ಲಿ 8ರಿಂದ 12 ಸೆಂ.ಮೀ. ಹೆಚ್ಚಿದ್ದರೆ ಆರಾಮ. ಟೀ ಶರ್ಟಿನಂಥ ಹಿಗ್ಗುವ ಬಟ್ಟೆಗೆ 5 ಸೆಂ.ಮೀ. ಸಾಕಾಗುತ್ತದೆ.

ಪ್ರಶ್ನೆ: ಫೋಟೊ ಹೇಗಿದ್ದರೆ ಫಲಿತಾಂಶ ಚೆನ್ನಾಗಿ ಬರುತ್ತದೆ? ನನ್ನ ಕನ್ನಡಿ ಸೆಲ್ಫಿಗಳಲ್ಲಿ ಕೈಗಳು ವಿಕಾರವಾಗಿ ಬರುತ್ತಿವೆ.

ಉತ್ತರ: ಕನ್ನಡಿ ಸೆಲ್ಫಿಯಲ್ಲಿ ಫೋನ್ ಹಿಡಿದ ಕೈ ಎದೆಗೆ ಅಡ್ಡ ಬರುತ್ತದೆ. ಬಟ್ಟೆಯ ಜಾಗ ಅಳಿಸುವಾಗ ಕೈಯ ಅರ್ಧ ಭಾಗವೂ ಹೋಗಿಬಿಡುತ್ತದೆ, ಅದನ್ನು ಯಂತ್ರ ಊಹಿಸಿ ಬಿಡಿಸುತ್ತದೆ. ಬೆರಳುಗಳು ಕೂಡಿಕೊಂಡು ಕಾಣಲು ಇದೇ ಕಾರಣ. ಫೋನನ್ನು ಸ್ಟ್ಯಾಂಡಿಗೆ ಹಾಕಿ, 10 ಸೆಕೆಂಡಿನ ಟೈಮರ್ ಇಟ್ಟು, ಹಿಂಬದಿಯ ಕ್ಯಾಮೆರಾದಲ್ಲಿ ತೆಗೆಯಿರಿ.

ಕ್ಯಾಮೆರಾ ಹೊಟ್ಟೆಯ ಮಟ್ಟದಲ್ಲಿರಲಿ. ತಲೆಯ ಮಟ್ಟದಿಂದ ಕೆಳಮುಖವಾಗಿ ತೆಗೆದರೆ ಕಾಲು ಗಿಡ್ಡವಾಗಿ, ಭುಜ ಅಗಲವಾಗಿ ಬೀಳುತ್ತದೆ. ಯಂತ್ರ ಅದೇ ನಿಮ್ಮ ಮೈಕಟ್ಟು ಎಂದುಕೊಳ್ಳುತ್ತದೆ. ಎರಡೂವರೆಯಿಂದ ಮೂರು ಮೀಟರ್ ದೂರ ನಿಲ್ಲಿ. ಜಾಗವಿದ್ದರೆ ಇನ್ನೂ ಹಿಂದೆ ಸರಿದು 2ಎಕ್ಸ್ ಜೂಮ್ ಬಳಸುವುದು ಒಳ್ಳೆಯದು. 0.5ಎಕ್ಸ್ ಲೆನ್ಸ್ ಮಾತ್ರ ಬೇಡವೇ ಬೇಡ, ಅದು ಅಂಚುಗಳನ್ನು ಎಳೆದು ತೋರಿಸುತ್ತದೆ. ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ಒಂದು ಗೇಣು ದೂರ ಇಳಿಬಿಡಿ. ಕೂದಲನ್ನು ಹಿಂದಕ್ಕೆ ಕಟ್ಟಿ, ಚೀಲ, ಶಾಲು ತೆಗೆದಿಡಿ. ಬೆಳಕು ಎದುರಿನ ಕಿಟಕಿಯಿಂದ ಬರಲಿ. ನೇರ ಬಿಸಿಲಿನ ಗಾಢ ನೆರಳನ್ನು ಯಂತ್ರ ಕೆಲವೊಮ್ಮೆ ಬಟ್ಟೆಯ ಪಟ್ಟಿ ಎಂದೇ ಓದುತ್ತದೆ.

ಎಲ್ಲಕ್ಕಿಂತ ಮುಖ್ಯ, ಫೋಟೊ ತೆಗೆಯುವಾಗ ಮೈಗೊಪ್ಪುವ ಸರಳ ಬಟ್ಟೆ ಹಾಕಿಕೊಳ್ಳಿ. ಸಡಿಲ ಬಟ್ಟೆಯೊಳಗೆ ಸೊಂಟ ಎಲ್ಲಿದೆ ಎಂದು ಯಂತ್ರಕ್ಕೆ ಕಾಣದು. ಹಳೆಯ ಬಟ್ಟೆಯ ಉಬ್ಬು ಹೊಸ ಬಟ್ಟೆಯಲ್ಲೂ ಉಳಿಯುತ್ತದೆ, ಇಲ್ಲವೇ ಅಂಚಿನಲ್ಲಿ ಹಳೆಯ ತೋಳು ಇಣುಕುತ್ತದೆ.

ಪ್ರಶ್ನೆ: ಟೀ ಶರ್ಟಿನ ಮೇಲಿನ ಅಕ್ಷರಗಳು ಚಿತ್ರದಲ್ಲಿ ಅಂಕುಡೊಂಕಾಗುತ್ತವೆ, ಸಣ್ಣ ಚೌಕಳಿ ಕಲಸಿಹೋಗುತ್ತದೆ. ಫೋಟೊ ಸ್ಪಷ್ಟವಾಗಿಯೇ ಇದೆ. ಹೀಗೇಕೆ?

ಉತ್ತರ: ಈಗಿನ ಎಷ್ಟೋ ಸಾಧನಗಳು ಡಿಫ್ಯೂಷನ್ ಎಂಬ ಕ್ರಮದಲ್ಲಿ, ಅಂದರೆ ಗೊತ್ತುಗುರಿಯಿಲ್ಲದ ಚುಕ್ಕಿಗಳಿಂದ ಶುರುಮಾಡಿ ಹಂತ ಹಂತವಾಗಿ ಚಿತ್ರ ಬಿಡಿಸುತ್ತವೆ. ಅವುಗಳಲ್ಲಿ ಹೆಚ್ಚಿನವು ಚಿತ್ರವನ್ನು ಇದ್ದ ಗಾತ್ರದಲ್ಲಿ ಇಟ್ಟುಕೊಳ್ಳುವುದಿಲ್ಲ. ಸ್ಟೇಬಲ್ ಡಿಫ್ಯೂಷನ್ ಎಂಬ ಎಐ ಮಾದರಿಯ ಆಧಾರದ ಸಾಧನಗಳಲ್ಲಿ 8×8 ಪಿಕ್ಸೆಲ್‌ಗಳು ಕುಗ್ಗಿ ಒಂದು ಮನೆಯಾಗುತ್ತವೆ. 768×1024ರ ಚಿತ್ರ ಒಳಗೆ 96×128 ಮನೆಗಳಾಗಿ ಉಳಿಯುತ್ತದೆ. ಅಕ್ಷರದ ಗೆರೆ ನಾಲ್ಕೈದು ಪಿಕ್ಸೆಲ್ ದಪ್ಪವಿದ್ದರೆ ಅದು ಒಂದು ಮನೆಗಿಂತ ಚಿಕ್ಕದು. ಹಿಗ್ಗಿಸುವಾಗ ಆ ವಿವರವನ್ನು ಯಂತ್ರ ಊಹೆಯಿಂದ ತುಂಬುತ್ತದೆ. ಹೂವಿನ ಎಸಳು ಸ್ವಲ್ಪ ಬದಲಾದರೆ ಯಾರಿಗೂ ಗೊತ್ತಾಗದು, ಅಕ್ಷರ ಬದಲಾದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಪರಿಹಾರ ಪೂರ್ತಿ ಇಲ್ಲ, ಕಡಿಮೆ ಮಾಡಬಹುದು. ಪೂರ್ಣ ಉದ್ದದ ಫೋಟೊ ಬದಲು ಸೊಂಟದಿಂದ ಮೇಲಿನ ಭಾಗವನ್ನಷ್ಟೇ 3:4 ಆಕಾರದಲ್ಲಿ ಕತ್ತರಿಸಿ ಕೊಡಿ. ಆಗ ಅದೇ ಅಕ್ಷರಕ್ಕೆ ಹೆಚ್ಚು ಮನೆಗಳು ಸಿಗುತ್ತವೆ. ಬಟ್ಟೆಯ ಚಿತ್ರವೂ ಹಾಗೆಯೇ ಚೌಕಟ್ಟು ತುಂಬಿರಲಿ. ಬಟ್ಟೆಯನ್ನು ನೀವೇ ಫೋಟೊ ತೆಗೆಯುವುದಾದರೆ ಇಸ್ತ್ರಿ ಮಾಡಿ, ತೋಳುಗಳನ್ನು ಮಡಚದೆ ಹರಡಿ, ನೇರ ಮೇಲಿನಿಂದ ತೆಗೆಯಿರಿ. ಬಿಳಿ ಬಟ್ಟೆಯ ಕೆಳಗೆ ಬೂದು ಬಣ್ಣದ ಹಾಸು ಹಾಕಿ, ಇಲ್ಲದಿದ್ದರೆ ಅಂಚು ಗುರುತಾಗದೆ ತೋಳು ತುಂಡಾದೀತು.

ಪ್ರಶ್ನೆ: ಮೊಣಕಾಲಿನವರೆಗೆ ಬರುವ ಕುರ್ತಾ ಹಾಕಿ ನೋಡಿದರೆ ಸೊಂಟದಲ್ಲೇ ಕತ್ತರಿಸಿದಂತೆ ಬರುತ್ತಿದೆ.

ಉತ್ತರ: ನೀವು ‘ಮೇಲುಡುಪು’ ಎಂಬ ವಿಭಾಗ ಆರಿಸಿರಬೇಕು. ಆಗ ಅಳಿಸುವ ಜಾಗ ಸೊಂಟದ ಆಸುಪಾಸಿನಲ್ಲೇ ಮುಗಿಯುತ್ತದೆ, ಬಟ್ಟೆ ಅದರಾಚೆ ಇಳಿಯುವಂತಿಲ್ಲ. ‘ಡ್ರೆಸ್’ ಅಥವಾ ‘ಪೂರ್ಣ ಉಡುಪು’ ಆರಿಸಿ, ಕಾಲಿನವರೆಗಿನ ಫೋಟೊ ಕೊಡಿ. ಅದರಲ್ಲಿ ಪ್ಯಾಂಟೂ ಅಳಿಸಿಹೋಗಿ ಬರಿಗಾಲು ಬರುವುದುಂಟು. ಕೈಯಿಂದ ಬ್ರಷ್ ಹಿಡಿದು ಜಾಗ ಗುರುತಿಸಲು ಬಿಡುವ ಸಾಧನವಿದ್ದರೆ ಕುರ್ತಾ ಬರುವಷ್ಟಕ್ಕೆ ಮಾತ್ರ ಬಳಿಯಿರಿ.

ಈ ತೊಂದರೆಯ ಬೇರು ಯಂತ್ರಕ್ಕೆ ಚಿತ್ರಗಳನ್ನು ತೋರಿಸಿ ಕಲಿಸುವ ತರಬೇತಿಯಲ್ಲಿದೆ. 2021ರಲ್ಲಿ ಬಂದ, ಸಂಶೋಧಕರು ಬಹಳ ಬಳಸುವ ವಿಟಾನ್-ಎಚ್‌ಡಿ ಎಂಬ ಚಿತ್ರಸಂಗ್ರಹದಲ್ಲಿ 13,679 ಜೋಡಿ ಚಿತ್ರಗಳಿವೆ, ಒಂದು ವ್ಯಕ್ತಿಯದು, ಇನ್ನೊಂದು ಬಟ್ಟೆಯದು. ಎಲ್ಲವೂ ನೇರ ನಿಂತ ಮಹಿಳೆಯರು, ಎಲ್ಲವೂ ಮೇಲುಡುಪು. ಕೆಳ ಉಡುಪು, ಉದ್ದ ಡ್ರೆಸ್‌ಗಳಿರುವ ಡ್ರೆಸ್‌ಕೋಡ್ ಸಂಗ್ರಹ ಬಂದದ್ದು 2022ರಲ್ಲಿ. ಸೀರೆಯಂತೆ ಸುತ್ತಿ ಉಡುವ ಬಟ್ಟೆಗೆ ಹೊಲಿದಿಟ್ಟ ಆಕಾರವೇ ಇಲ್ಲ. ಮಡಚಿಟ್ಟ ಸೀರೆಯ ಚಿತ್ರ ಕೊಟ್ಟರೆ ನೆರಿಗೆ, ಸೆರಗು ಎಲ್ಲವೂ ಯಂತ್ರದ ಊಹೆ. ಉಟ್ಟ ಸೀರೆಯ ಚಿತ್ರ ಕೊಟ್ಟರೆ ಸ್ವಲ್ಪ ವಾಸಿ.

ಪ್ರಶ್ನೆ: ಚಿತ್ರದಲ್ಲಿ ನಾನು ಇರುವುದಕ್ಕಿಂತ ತೆಳ್ಳಗೆ ಕಾಣುತ್ತೇನೆ. ನನಗೆ ಮಾತ್ರ ಹೀಗೆಯೇ?

ಉತ್ತರ: ಅಲ್ಲ, ಅನೇಕರಿಗೆ ಹೀಗಾಗುತ್ತದೆ. ಅಳಿಸಿದ ಜಾಗದಲ್ಲಿ ಬಟ್ಟೆಯ ಜೊತೆಗೆ ಮೈಯ ಹೊರಗೆರೆಯನ್ನೂ ಯಂತ್ರವೇ ಬಿಡಿಸುತ್ತದೆ. ಕಲಿತದ್ದು ಹೆಚ್ಚಾಗಿ ಕ್ಯಾಟಲಾಗ್ ಮಾಡೆಲ್‌ಗಳನ್ನು ನೋಡಿ, ಆದ್ದರಿಂದ ಅತ್ತ ವಾಲುತ್ತದೆ. ಪರೀಕ್ಷಿಸುವುದು ಸುಲಭ. ಯಾವುದಾದರೂ ಫೋಟೊ ಎಡಿಟರ್‌ನಲ್ಲಿ ಮೂಲ ಫೋಟೊ ಕೆಳಗೆ, ಹೊಸದನ್ನು ಮೇಲೆ ಇಟ್ಟು ಪಾರದರ್ಶಕತೆ 50% ಮಾಡಿ. ಸೊಂಟ, ತೋಳಿನ ಮೇಲ್ಭಾಗ, ತೊಡೆಯ ಗೆರೆಗಳು ಒಳಕ್ಕೆ ಸರಿದಿದ್ದರೆ ಆ ಚಿತ್ರ ನಂಬಿ ಕೊಳ್ಳಬೇಡಿ. ಬಟ್ಟೆ ನಿಮ್ಮ ಮೈಗೆ ಹೊಂದಬೇಕು. ಯಂತ್ರ ಬಿಡಿಸಿದ ಮೈ ನೋಡಿ ನಿಮ್ಮ ಮೈಯ ಬಗ್ಗೆ ಬೇಸರ ಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ನನ್ನದು ಸಣ್ಣ ಉಡುಪಿನ ಅಂಗಡಿ. ಉಚಿತವಾಗಿ ಸಿಗುವ ಸಾಧನವನ್ನು ನನ್ನ ಕಂಪ್ಯೂಟರಿನಲ್ಲೇ ಹಾಕಿಕೊಂಡು ಕ್ಯಾಟಲಾಗ್ ಮಾಡಬಹುದೇ?

ಉತ್ತರ: ತಾಂತ್ರಿಕವಾಗಿ ಆಗುತ್ತದೆ. ಕ್ಯಾಟ್‌ವಿಟಾನ್ ಎಂಬ ಉಚಿತ ಸಾಧನ 768×1024 ಗಾತ್ರಕ್ಕೆ 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ನಡೆಯುತ್ತದೆ. ಸ್ಟೆಪ್ಸ್ (ಚಿತ್ರ ಬಿಡಿಸುವ ಹಂತಗಳ ಸಂಖ್ಯೆ) 50, ಗೈಡೆನ್ಸ್ (ಕೊಟ್ಟ ಬಟ್ಟೆಯ ಚಿತ್ರಕ್ಕೆ ಎಷ್ಟು ಅಂಟಿಕೊಳ್ಳಬೇಕೆಂಬ ಅಳತೆ) 2.5ರಿಂದ ಆರಂಭಿಸಿ. ಗೈಡೆನ್ಸ್ ತುಂಬ ಏರಿಸಿದರೆ ಬಣ್ಣ ಕಡುವಾಗುತ್ತದೆ. ಕೈ ಅಥವಾ ಕಾಲರ್ ಕೆಟ್ಟರೆ ಬೇರೇನನ್ನೂ ಮುಟ್ಟದೆ ಸೀಡ್ ಸಂಖ್ಯೆ (ಆರಂಭದ ಚುಕ್ಕಿಗಳನ್ನು ನಿರ್ಧರಿಸುವ ಸಂಖ್ಯೆ) ಬದಲಿಸಿ ಮತ್ತೆ ನಡೆಸಿ.

ಆದರೆ ಕ್ಯಾಟ್‌ವಿಟಾನ್, ಅಂಥದ್ದೇ ಇನ್ನೊಂದು ಸಾಧನವಾದ ಐಡಿಎಂ-ವಿಟಾನ್ ಎರಡರ ಪರವಾನಗಿಯೂ ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ. ಅಂಗಡಿಯ ಕ್ಯಾಟಲಾಗ್ ವ್ಯಾಪಾರವೇ. ವ್ಯಾಪಾರಕ್ಕೆ ಅನುಮತಿ ಇರುವ ಸೇವೆಯನ್ನು ದುಡ್ಡು ಕೊಟ್ಟು ಪಡೆಯಿರಿ. ಪಡೆದ ಮೇಲೂ ಪ್ರತಿ ಉಡುಪಿಗೆ ಒಂದಾದರೂ ನಿಜವಾದ ಫೋಟೊ ಇಡಿ, ಎಐ ಚಿತ್ರದ ಕೆಳಗೆ ಹಾಗೆಂದು ಬರೆಯಿರಿ. ಯಂತ್ರ ಇಲ್ಲದ ಜೇಬು ಸೇರಿಸುತ್ತದೆ, ಐದು ಗುಂಡಿಯನ್ನು ಆರು ಮಾಡುತ್ತದೆ. ಅದನ್ನು ನೋಡಿ ಕೊಂಡವರು ಬಟ್ಟೆ ವಾಪಸ್ ತಂದರೆ ತಪ್ಪು ಅವರದಲ್ಲ.

ಪ್ರಶ್ನೆ: ಮಗಳು ತನ್ನ ಫೋಟೊಗಳನ್ನು ಇಂಥ ಆ್ಯಪ್‌ಗಳಿಗೆ ಹಾಕುತ್ತಾಳೆ. ಭಯವಾಗುತ್ತದೆ.

ಉತ್ತರ: ಆ್ಯಪ್‌ನ ನಿಯಮಗಳಲ್ಲಿ ಮೂರು ವಿಷಯ ಹುಡುಕಿ: ಫೋಟೊ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಅದನ್ನು ಯಂತ್ರದ ತರಬೇತಿಗೆ ಬಳಸುತ್ತಾರೆಯೇ, ಅಳಿಸಲು ದಾರಿ ಇದೆಯೇ. ಒಂದಕ್ಕಾದರೂ ಉತ್ತರ ಸಿಗದಿದ್ದರೆ ಬೇಡ. ಮುಖವಿಲ್ಲದೆಯೂ ಕೆಲಸ ನಡೆಯುತ್ತದೆ: ತುಟಿಯ ಕೆಳಗೆ ಅಡ್ಡ ಕತ್ತರಿಸಿ, ಗದ್ದ, ಕುತ್ತಿಗೆ ಉಳಿಸಿಕೊಳ್ಳಿ. ಕುತ್ತಿಗೆಯೂ ಹೋದರೆ ಕಾಲರ್ ಸರಿಯಾಗಿ ಕೂರದು. ಫೋಟೊ ಫೈಲಿನಲ್ಲಿ ಸ್ಥಳದ ಮಾಹಿತಿ ಅಡಗಿರಬಹುದು; ಫೋಟೊದ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಹಾಕಿದರೆ ಆ ಮಾಹಿತಿ ಜೊತೆಗೆ ಹೋಗದು. ಮಕ್ಕಳ ಫೋಟೊ, ಒಪ್ಪಿಗೆ ಇಲ್ಲದ ಗೆಳತಿಯರ ಫೋಟೊ ಖಂಡಿತ ಹಾಕಬಾರದು. ಬಟ್ಟೆ ತೊಡಿಸುವ ಬದಲು ತೆಗೆಯುತ್ತೇವೆ ಎನ್ನುವ ಆ್ಯಪ್‌ಗಳೂ ಇದೇ ವೇಷದಲ್ಲಿ ಬರುತ್ತವೆ. ಅಂಥದ್ದು ಫೋನಿನಲ್ಲಿ ಕಂಡರೆ ತೆಗೆದುಹಾಕಿ, ಅದನ್ನು ಕೊಟ್ಟ ಆ್ಯಪ್ ಅಂಗಡಿಗೆ ದೂರು ಕೊಡಿ. ಸ್ವಂತ ಫೋಟೊ ಬೇಡವೆನ್ನುವವರು ತಮ್ಮ ಮೈಕಟ್ಟಿಗೆ ಹತ್ತಿರದ ಮಾಡೆಲ್ ಆರಿಸುವ ಸೌಲಭ್ಯ ಬಳಸಬಹುದು.

ಪ್ರಶ್ನೆ: ಕನ್ನಡಕವನ್ನೂ ಹೀಗೆ ಹಾಕಿ ನೋಡಬಹುದೇ?

ಉತ್ತರ: ಬಹುದು, ಅದರಲ್ಲಿ ಅಳತೆಯ ಮೇಲೂ ಸ್ವಲ್ಪ ಭರವಸೆ ಇಡಬಹುದು. ಕಣ್ಣಿನ ಬಣ್ಣದ ಉಂಗುರದ ಅಡ್ಡಳತೆ ಬಹುತೇಕ ಎಲ್ಲರಲ್ಲೂ 11.7 ಮಿ.ಮೀ. ಆಸುಪಾಸು. ಕೆಲವು ಆ್ಯಪ್‌ಗಳು ಅದನ್ನೇ ಅಳತೆಗೋಲಾಗಿ ಹಿಡಿದು ಮುಖದ ಅಗಲ ಲೆಕ್ಕ ಹಾಕುತ್ತವೆ. ನೀವು ಈಗ ಹಾಕುವ ಕನ್ನಡಕದ ಕಡ್ಡಿಯ ಒಳಬದಿ 52, 18, 140ರಂಥ ಮೂರು ಸಂಖ್ಯೆ ಇರುತ್ತದೆ: ಗಾಜಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ, ಎಲ್ಲವೂ ಮಿ.ಮೀ.ನಲ್ಲಿ. ಹೊಸದರ ಸಂಖ್ಯೆಗಳು ಇವಕ್ಕೆ ಒಂದೆರಡು ಮಿ.ಮೀ. ಆಚೀಚೆ ಇದ್ದರೆ ಸಾಕು.