ಗಂಡನಿಗೆ ಎಚ್‌ಐವಿ ಇದೆ, ನಾವಿರುವುದು ಶಿರಸಿಯಲ್ಲಿ. ನಾನು ಪ್ರೆಪ್ (ಸೋಂಕು ತಗುಲದಂತೆ ಮುಂಚಿತವಾಗಿ ನುಂಗುವ) ಮಾತ್ರೆ ತಗೊಳ್ಳಬೇಕಾ?

ಮೊದಲು ಅವರ ವೈರಲ್ ಲೋಡ್ (ರಕ್ತದಲ್ಲಿರುವ ವೈರಾಣು ಪ್ರಮಾಣ) ವರದಿ ನೋಡಿ. ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಮಾತ್ರೆ ತಪ್ಪಿಸದೆ, 6 ತಿಂಗಳಿಂದ ವೈರಾಣು ಪತ್ತೆಯಾಗದ ಮಟ್ಟದಲ್ಲಿದ್ದರೆ ಲೈಂಗಿಕ ಸಂಪರ್ಕದಿಂದ ನಿಮಗೆ ಹರಡದು, ಪ್ರೆಪ್ ಬೇಕಿಲ್ಲ. ಚಿಕಿತ್ಸೆ ಈಗಷ್ಟೇ ಶುರುವಾಗಿದ್ದರೆ, ಅಥವಾ ಮಾತ್ರೆ ಆಗಾಗ ತಪ್ಪುತ್ತಿದ್ದರೆ, ತಗೊಳ್ಳುವುದೇ ಲೇಸು.

ಅದಕ್ಕೂ ಮುಂಚೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಆಪ್ತಸಮಾಲೋಚನೆ, ಪರೀಕ್ಷಾ ಕೇಂದ್ರ) ನಿಮ್ಮ ಎಚ್‌ಐವಿ ಪರೀಕ್ಷೆ ಆಗಲಿ (ಉಚಿತ), ಜೊತೆಗೆ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಹೆಪಟೈಟಿಸ್ ಬಿ. ಗೊತ್ತಿಲ್ಲದೆ ಸೋಂಕು ಇದ್ದಾಗ ನುಂಗಿದರೆ ಪ್ರೆಪ್‌ನಲ್ಲಿರುವ ಎರಡೇ ಔಷಧ ಸಾಲದೆ, ವೈರಾಣು ಅವಕ್ಕೆ ಜಗ್ಗದಂತಾಗಬಹುದು. ಟೆನೊಫೊವಿರ್ 300, ಎಮ್‌ಟ್ರಿಸಿಟಾಬಿನ್ 200 ಮಿ.ಗ್ರಾಂ ಸೇರಿದ ಒಂದೇ ಮಾತ್ರೆ, ದಿನಾ. ಹೆಂಗಸರಿಗೆ ಪೂರ್ಣ ರಕ್ಷಣೆಗೆ ಸುಮಾರು 21 ದಿನ. ಅಲ್ಲಿವರೆಗೆ ಕಾಂಡೋಮ್ ಬಿಡಬೇಡಿ. 3 ತಿಂಗಳಿಗೊಮ್ಮೆ ಮರುಪರೀಕ್ಷೆ.

ಕಾಂಡೋಮ್ ನಿನ್ನೆಯೇ ಹರಿದಿದೆಯಾ? ಹಾಗಾದರೆ ಬೇಕಿರುವುದು ಪೆಪ್ (ಸಂಪರ್ಕವಾದ ಮೇಲೆ ಸೋಂಕು ತಡೆಯಲು ತಗೊಳ್ಳುವ ಔಷಧ): 72 ಗಂಟೆಯೊಳಗೆ ಶುರು, 28 ದಿನ.