ಹಕ್ಕುಪತ್ರ ಕೊಟ್ಟರೆ ಕಾಡು ಉಳಿದೀತೆ?

ಮಾನ್ಯರೇ,

ಕಾಡನ್ನೇ ನಂಬಿದ ಸಮುದಾಯಗಳಿಗೆ ಅದರ ಸಾಮೂಹಿಕ ಹಕ್ಕುಪತ್ರ ಸಿಗಬೇಕೆಂದು ಹೋದ ಸಂಚಿಕೆಯಲ್ಲಿ ಬರೆದದ್ದು ನಿಮಗೆ ಸಿಟ್ಟು ತರಿಸಿದೆ. "ಎಲ್ಲರ ಸ್ವತ್ತು ಯಾರ ಸ್ವತ್ತೂ ಅಲ್ಲ. ಇವತ್ತು ಪತ್ರ ಕೊಟ್ಟರೆ ನಾಳೆ ಮರ ಇರುವುದಿಲ್ಲ" ಎಂದಿದ್ದೀರಿ. ನಿಮ್ಮ ಕಾಳಜಿ ನಿಜವಾದದ್ದು, ಅದಕ್ಕೇ ಉದ್ದದ ಉತ್ತರ.

ಹಕ್ಕಿನ ಹೆಸರು ಹೇಳಿ ಹೊರಗಿನವರು ಒತ್ತುವರಿ ಮಾಡಿದ್ದುಂಟು, ಊರಿನ ಬಲಾಢ್ಯರೇ ಲಾಭ ಬಾಚಿಕೊಂಡದ್ದೂ ಉಂಟು. ಅಷ್ಟನ್ನು ಒಪ್ಪುತ್ತೇನೆ.

ಆದರೆ ನಿಮ್ಮ ಮಾತು 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಆಡಿದ ಮಾತು. ಅವರ ಕಣ್ಣ ಮುಂದಿದ್ದದ್ದು ಹೇಳುವವರು ಕೇಳುವವರು ಇಲ್ಲದ ಹುಲ್ಲುಗಾವಲು. ಸಮುದಾಯದ ಕಾಡು ಹಾಗಲ್ಲ. ಯಾವಾಗ ಕೊಯ್ಯಬೇಕು, ಎಷ್ಟು ತರಬೇಕು, ತಪ್ಪಿದವರಿಗೆ ಏನು ದಂಡ ಎಂಬುದೆಲ್ಲ ಅಲ್ಲಿ ಗೊತ್ತುಪಡಿಸಿದ್ದು. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನರ್ ಆಸ್ಟ್ರಮ್ ಇಂಥ ಕಟ್ಟುಪಾಡುಗಳನ್ನೇ ದಶಕಗಟ್ಟಲೆ ಅಭ್ಯಾಸ ಮಾಡಿದರು. 2009ರ ಅರ್ಥಶಾಸ್ತ್ರದ ನೊಬೆಲ್ ಅವರಿಗೆ ಬಂದದ್ದು ಆ ಕೆಲಸಕ್ಕೇ.

ನೇಪಾಳವನ್ನು ನೋಡಿ. 1957ರಲ್ಲಿ ಸರ್ಕಾರ ಖಾಸಗಿ ಕಾಡುಗಳನ್ನೆಲ್ಲ ವಶಕ್ಕೆ ತೆಗೆದುಕೊಂಡಿತು. ಕಾವಲಿಗೆ ಸರ್ಕಾರವಿದ್ದೂ ಬೆಟ್ಟಗಳು ಬೋಳಾಗುತ್ತ ಹೋದವು. 1993ರ ಕಾಯ್ದೆ ಕಾಡಿನ ನಿರ್ವಹಣೆಯನ್ನು ಬಳಕೆದಾರರ ಗುಂಪುಗಳಿಗೆ ಒಪ್ಪಿಸಿತು. 1992ರಲ್ಲಿ ದೇಶದ ನೆಲದ ಶೇ 26ರಷ್ಟಿದ್ದ ಅರಣ್ಯ 2016ರ ಹೊತ್ತಿಗೆ ಶೇ 45ಕ್ಕೆ ಏರಿತ್ತು. ಜನ ಊರು ಬಿಟ್ಟು ಹೊರದೇಶಕ್ಕೆ ದುಡಿಯಲು ಹೋದದ್ದೂ ಕಾರಣವಿರಬಹುದು. ಆದರೆ ಉಳಿದವರು ಕಡಿದು ಮುಗಿಸಲಿಲ್ಲವಲ್ಲ!

ಕೀನ್ಯಾದ ಮಾವ್ ಅರಣ್ಯದ ಕಥೆಯಂತೂ ನಿಮ್ಮ ಪ್ರಶ್ನೆಗೇ ಉತ್ತರ. ಕಾಡು ಹಾಳಾಗುತ್ತಿದೆ, 30 ದಿನಗಳಲ್ಲಿ ಜಾಗ ಖಾಲಿ ಮಾಡಿ ಎಂದು 2009ರಲ್ಲಿ ಅಲ್ಲಿನ ಓಗಿಯೆಕ್ ಜನರಿಗೆ ನೋಟಿಸು ಬಂತು. ಜೇನು ಮತ್ತು ಬೇಟೆಯನ್ನು ನಂಬಿ ತಲೆತಲಾಂತರದಿಂದ ಅಲ್ಲೇ ಬಾಳಿದವರು ಅವರು. 2017ರಲ್ಲಿ ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ ಪುರಾವೆಗಳನ್ನು ತೂಗಿ ನೋಡಿತು. ಕಾಡು ಹಾಳಾಗಲು ಮುಖ್ಯ ಕಾರಣ ಬೇರೆ ಗುಂಪುಗಳ ಒತ್ತುವರಿ, ಸರ್ಕಾರವೇ ಕಾಡಿನಿಂದ ಬಿಡಿಸಿ ಹಂಚಿದ ಜಾಗ, ವಿವೇಚನೆಯಿಲ್ಲದೆ ಕೊಟ್ಟ ಮರ ಕಡಿಯುವ ಪರವಾನಗಿ ಎಂದಿತು. ಇಷ್ಟಾದ ಮೇಲೂ 2023ರ ಕೊನೆಯಲ್ಲಿ ಅವರ ಮನೆಗಳನ್ನು ಮತ್ತೆ ಕೆಡವಿದರು.

ನಿಮ್ಮ ಮೇಲೆ ನನ್ನದೊಂದು ಆಕ್ಷೇಪವಿದೆ. ಕಾಡಿನವರನ್ನು ಕೇಳಿದ ಪ್ರಶ್ನೆಯನ್ನು ನೀವು ಮರ ಕಡಿಯುವ ಗುತ್ತಿಗೆದಾರರಿಗೆ ಕೇಳಿಲ್ಲ. ಪೀಳಿಗೆಗಟ್ಟಲೆ ಬದುಕಿದವರು ಸಾಕ್ಷಿ ತರಬೇಕು, ನಕ್ಷೆ ತರಬೇಕು, ಅರ್ಜಿಯ ಹಿಂದೆ ಅಲೆಯಬೇಕು. ಪತ್ರ ಕೈಗೆ ಬಂದರೂ ಅಧಿಕಾರ ಬರುವುದಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯ ಮೆಂಢಾ-ಲೇಖಾ ಗ್ರಾಮಕ್ಕೆ 2009ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತ್ತು. ಆದರೆ ತಾವು ಕಡಿದ ಬಿದಿರನ್ನು ಸಾಗಿಸುವ ಪರವಾನಗಿ ಪುಸ್ತಕ ಗ್ರಾಮಸಭೆಯ ಕೈಸೇರಿದ್ದು 2011ರಲ್ಲಿ, ಅದೂ ಕೇಂದ್ರ ಸಚಿವರೇ ಬಂದು ಕೊಟ್ಟಾಗ.

ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಆವಾಸ್ ಟಿಂಗ್ನಿ ಎಂಬ ಮೂಲನಿವಾಸಿ ಸಮುದಾಯದವರು ತಮ್ಮದೆನ್ನುತ್ತಿದ್ದ ಕಾಡಿನಲ್ಲಿ ಸರ್ಕಾರ 1996ರಲ್ಲಿ ಒಂದು ಕಂಪನಿಗೆ ಸುಮಾರು 62,000 ಹೆಕ್ಟೇರನ್ನು ಮರ ಕಡಿಯಲು 30 ವರ್ಷಗಳ ಮಟ್ಟಿಗೆ ಬರೆದುಕೊಟ್ಟಿತು, ಅವರನ್ನು ಕೇಳದೆ. ಅವರು ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿ 2001ರಲ್ಲಿ ಗೆದ್ದರು. 15 ತಿಂಗಳೊಳಗೆ ಗಡಿ ಗುರುತಿಸಿ ಹಕ್ಕುಪತ್ರ ಕೊಡಿ ಎಂದು ತೀರ್ಪಾಯಿತು. ಪತ್ರ ಬಂದದ್ದು 2008ರ ಡಿಸೆಂಬರಿನಲ್ಲಿ. ನಿಮ್ಮ ಮುಂದಿನ ಪತ್ರ ಈ ವಿಳಂಬದ ಬಗ್ಗೆ ಇರಲಿ, ಇಷ್ಟೇ ಸಿಟ್ಟಿನಿಂದ ಬರೆಯಿರಿ. ಪೂರ್ತಿಯಾಗಿ ಅಚ್ಚು ಹಾಕುತ್ತೇನೆ.

— ಸಂಪಾದಕ