ಕೋಲಾರದ ಕೋರ್ಟಿನಲ್ಲಿ ಪಾಟಿ ಸವಾಲು ಚೆನ್ನಾಗಿ ಮಾಡುವುದು ಹೇಗೆ?

ಕ್ರಿಮಿನಲ್ ಕೇಸುಗಳಲ್ಲಿ ಪಾಟಿ ಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ದಾರಿ ತಪ್ಪುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕಡತ ಜಾಸ್ತಿ ಓದಿ, ಪ್ರಶ್ನೆ ಕಡಿಮೆ ಕೇಳಿ.

ಪೊಲೀಸರ ಮುಂದಿನ ಹೇಳಿಕೆಗೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಇದೆ ಅನ್ನಿ. ಸಾಕ್ಷಿಯ ಮೇಲೆ ಸುಮ್ನೆ ಕೂಗಾಡಿದರೆ ಏನೂ ಸಿಗುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 148ನೇ ಕಲಂ (ಹಳೆಯ ಕಾಯ್ದೆಯ 145) ಪ್ರಕಾರ ಪೊಲೀಸರ ಮುಂದಿನ ಹೇಳಿಕೆಯ ಆ ಸಾಲನ್ನೇ ಸಾಕ್ಷಿಯ ಗಮನಕ್ಕೆ ತಂದು ಕೇಳಬೇಕು. ಹಾಗೆ ಹೇಳಿಲ್ಲ ಎಂದರೆ ಆ ಭಾಗವನ್ನು ಗುರುತು ಮಾಡಿಸಿ. ಆಮೇಲೆ ತನಿಖಾಧಿಕಾರಿ ಸಾಕ್ಷಿ ಹೇಳಲು ಬಂದಾಗ ಅವರಿಂದ ಅದನ್ನು ಸಾಬೀತು ಮಾಡಿಸಲೇಬೇಕು. ಈ ಎರಡನೇ ಹೆಜ್ಜೆ ಬಿಟ್ಟರೆ ಮೊದಲನೆಯದರ ಶ್ರಮವೆಲ್ಲ ವ್ಯರ್ಥ. ನನ್ನ ಪ್ರಕಾರ ಮೊದಲು ಕಲಿಯಬೇಕಾದದ್ದು ಇದನ್ನೇ.

ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಎಷ್ಟೋ ಸಾಕ್ಷಿಗಳಿಗೆ ಮನೆಮಾತು ತೆಲುಗು. ಉದ್ದದ ಗ್ರಾಂಥಿಕ ಪ್ರಶ್ನೆ ಅವರಿಗೆ ಅರ್ಥವಾಗುವುದಿಲ್ಲ, ಅರ್ಥವಾಗದೆ ಕೊಟ್ಟ ಉತ್ತರ ನಿಮಗೂ ಬೇಡ ಅಲ್ವಾ? ಒಂದು ಪ್ರಶ್ನೆಗೆ ಒಂದೇ ಸಂಗತಿ ಇರಲಿ. "ಯಾಕೆ" ಎಂದು ಮಾತ್ರ ಕೇಳಬೇಡಿ. ಸಾಕ್ಷಿ ವಿವರಣೆಗೆ ಇಳಿದುಬಿಡುತ್ತಾರೆ.

ನ್ಯಾಯಾಧೀಶರು ಬರೆಸುವಾಗ ಕಿವಿಗೊಟ್ಟು ಕೇಳಿ. ಉತ್ತರ ತಪ್ಪಾಗಿ ದಾಖಲಾದರೆ ಅಲ್ಲೇ ವಿನಯದಿಂದ ಹೇಳಿ. ಮೇಲ್ಮನವಿಯಲ್ಲಿ ಓದುವುದು ಆ ಹಾಳೆಗಳನ್ನೇ.

ಬಿಡುವಿದ್ದಾಗ ಸೆಷನ್ಸ್ ಕೋರ್ಟಿನಲ್ಲಿ ಕೂತು ಹಿರಿಯ ವಕೀಲರು ಪ್ರಶ್ನೆಯನ್ನು ಎಲ್ಲಿ ನಿಲ್ಲಿಸುತ್ತಾರೆ ಎಂದು ನೋಡಿ.